ಡಲ್ಲಾಸ್ ಕಡೆಯವರೇ, ಗಿಡಕ್ಕೆ ಚಳಿ ಹೊದಿಕೆ ತಗೊಳ್ಳೋ ಮುಂಚೆ ಇದನ್ನ ಓದಿ

ಪ್ಲೇನೋ, ಫ್ರಿಸ್ಕೋ, ಅರ್ವಿಂಗ್ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ನಮ್ಮ ಕನ್ನಡದವರೇ ಒಬ್ಬರು ಗಿಡಕ್ಕೆ ಹೊದಿಸೋ ಫ್ರಾಸ್ಟ್ ಬಟ್ಟೆ ಮಾರುತ್ತಿದ್ದಾರೆ. ಜೊತೆಗೆ ಒಂದು ದೀಪದ ಸರ. "20 ಡಿಗ್ರಿವರೆಗೂ ಗ್ಯಾರಂಟಿ ಅಕ್ಕಾ" ಅಂತಾರೆ, ಅಂದರೆ ಚಳಿ 20 ಫ್ಯಾರನ್‌ಹೀಟ್‌ಗೆ ಇಳಿದರೂ ಗಿಡಕ್ಕೆ ಏನೂ ಆಗಲ್ಲ ಅಂತ. ತಗೊಳ್ಳಬೇಡಿ. ದಯವಿಟ್ಟು ತಗೊಳ್ಳಬೇಡಿ. ಆಳೆತ್ತರ ಬೆಳೆದಿದ್ದ ನನ್ನ ಕರಿಬೇವು ಹೋಯಿತು, ಮಲ್ಲಿಗೆ ಕುಂಡಗಳೂ ಹೋದವು.

2021ರ ಫೆಬ್ರವರಿಯಲ್ಲಿ ಇಲ್ಲಿ ಮೈನಸ್ 2 ಫ್ಯಾರನ್‌ಹೀಟ್‌ಗೆ ಇಳಿದಿತ್ತಲ್ಲ, ಅಂಥ ಚಳಿಗೆ ಸತ್ತಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಈ ಸಲ ಇಳಿದದ್ದು ಬರೀ 26. ಮಧ್ಯಾಹ್ನವೇ ಬುಡಕ್ಕೆ ನೀರು ಹಾಕಿದ್ದೆ, ಒದ್ದೆ ಮಣ್ಣು ಬಿಸಿ ಹಿಡಿದಿಟ್ಟುಕೊಳ್ಳುತ್ತೆ ಅಂತ. ಬಟ್ಟೆ ನೆಲ ಮುಟ್ಟೋ ಹಾಗೆ ಇಳಿಬಿಟ್ಟು ಸುತ್ತ ಇಟ್ಟಿಗೆ ಇಟ್ಟಿದ್ದೆ. ಬೆಳಿಗ್ಗೆ ತೆಗೆದು ನೋಡಿದರೆ ಎಲೆಯೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿದೆ. ದೀಪ ಉರಿಯುತ್ತಲೇ ಇತ್ತು. ಮುಟ್ಟಿದೆ. ತಣ್ಣಗಿದೆ! ಎಲ್‌ಇಡಿ. ಅದರಿಂದ ಗಿಡಕ್ಕೆ ಯಾವ ಶಾಖ?

ಆಮೇಲೆ ಬಟ್ಟೆ ಮೇಲೆ ಅನುಮಾನ ಬಂತು. ಚೀಲದ ಮೇಲೆ ಚದರ ಗಜಕ್ಕೆ ಒಂದೂವರೆ ಔನ್ಸ್ ಅಂತ ಅಚ್ಚಾಗಿದೆ. 10 ಅಡಿಗೆ 20 ಅಡಿಯ ಬಟ್ಟೆ, ಅಂದಮೇಲೆ 940 ಗ್ರಾಂ ಆಸುಪಾಸು ತೂಗಬೇಕು. ಒಣಗಿಸಿ ಅಡುಗೆಮನೆ ತಕ್ಕಡಿ ಮೇಲೆ ಇಟ್ಟೆ. 320. ಇನ್ನೊಂದು ಸಲ ಇಟ್ಟೆ, ಅದೇ 320. ಮೂರರಲ್ಲಿ ಒಂದು ಪಾಲು! ಅಷ್ಟು ತೆಳು ಬಟ್ಟೆ ತಡೆಯೋದು, ನೀರು ಹೆಪ್ಪುಗಟ್ಟೋ 32ರಿಂದ ಕೆಳಗೆ ಎರಡರಿಂದ ನಾಲ್ಕು ಡಿಗ್ರಿ. ದಪ್ಪದ್ದೇ ಆದರೂ ಆರರಿಂದ ಎಂಟು. 20ರ ಗ್ಯಾರಂಟಿ ಎಲ್ಲಿಂದ ಬಂತು? ತಕ್ಕಡಿ ಮುಂದೆ ನಿಂತಾಗ ಮೈ ಉರಿದುಹೋಯಿತು. ನಾನು ಹೇಳಿದೆ ಅಂತ ಇನ್ನಿಬ್ಬರು ಗೆಳತಿಯರು ಇದನ್ನೇ ತರಿಸಿದ್ದರು, ಅವರಿಗೆ ಫೋನ್ ಮಾಡೋಕೆ ನಾಚಿಕೆಯಾಯಿತು.

ತಕ್ಕಡಿಯ ಫೋಟೋ ಕಳಿಸಿದೆ. ಅವರ ಉತ್ತರ: "ನಿಮ್ಮ ಕಡೆ ಗಾಳಿ ಜಾಸ್ತಿ ಇತ್ತೇನೋ ಅಕ್ಕಾ." ಗಾಳಿಗೂ ತೂಕಕ್ಕೂ ಏನ್ರೀ ಸಂಬಂಧ ಅಂದೆ. "ಎರಡು ಪದರ ಹಾಕಬೇಕು, ಎಲ್ಲರಿಗೂ ಗೊತ್ತಿರುತ್ತೆ." ಮಾರುವಾಗ ಯಾಕೆ ಹೇಳಲಿಲ್ಲ? "ಕರಿಬೇವು ಸೂಕ್ಷ್ಮ ಮೇಡಂ." ಅಕ್ಕ ಹೋಗಿ ಮೇಡಂ ಆದೆ. ಕರಿಬೇವಿಗೇ ಅಂತ ಹೇಳಿ ಕೊಟ್ಟವರು ಅವರೇ! ಕೊನೆಗೆ "ಬಳಸಿದ ಮಾಲು ವಾಪಸ್ ಇಲ್ಲ." ಗುಂಪಿನಲ್ಲಿ ಕೇಳಿದ್ದಕ್ಕೆ ನನ್ನನ್ನು ಬ್ಲಾಕ್ ಮಾಡಿದ್ದಾರೆ. 64 ಡಾಲರ್ ಹೋಗಲಿ, ಮೊಳಕೆಯಿಂದ ಬೆಳೆಸಿದ ಗಿಡ ಯಾರು ಕೊಡುತ್ತಾರೆ?

ಯಾರ ಹತ್ತಿರ ತಗೊಂಡರೂ ಡಿಗ್ರಿ ಮಾತು ನಂಬಬೇಡಿ, ಔನ್ಸ್ ಕೇಳಿ, ಮನೆಗೆ ಬಂದ ದಿನವೇ ತೂಗಿ. ದೀಪ ಹಾಕೋದಾದರೆ ಬಿಸಿಯಾಗೋ ಹಳೇ ಕಾಲದ ಬಲ್ಬಿನ ಸರವೇ ಬೇಕು, ಬಟ್ಟೆಗೆ ತಾಗದ ಹಾಗೆ ಕಟ್ಟಿ. ಕುಂಡದಲ್ಲಿರೋದನ್ನ ಗರಾಜಿಗೆ ಎಳೆದುಬಿಡಿ. ಈಗಾಗಲೇ ಸುಟ್ಟಿದ್ದರೆ ಕಡಿಯಬೇಡಿ, ಉಗುರಲ್ಲಿ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಇನ್ನೂ ಜೀವ ಇದೆ. ನನ್ನದು ಮೇಲೆಲ್ಲ ಕಂದು, ಬುಡದ ಹತ್ತಿರ ಮಾತ್ರ ಸ್ವಲ್ಪ ಹಸಿರಿದೆ, ಏಪ್ರಿಲ್‌ವರೆಗೆ ಕಾಯ್ತೀನಿ. ಆ ಮನುಷ್ಯ ನಿನ್ನೆ ಇನ್ನೊಂದು ಗುಂಪಿನಲ್ಲಿ ಅದೇ ಬಟ್ಟೆ, ಅದೇ ಗ್ಯಾರಂಟಿ ಹಾಕಿದ್ದಾರಂತೆ. ನಿಮ್ಮ ಗುಂಪಿಗೂ ಬಂದಿದ್ದರೆ ಈ ತೂಕದ ಲೆಕ್ಕ ಅಲ್ಲೇ ಹಾಕಿ ಕೇಳಿ.