ಕಚ್ಚುವ ಆಟಕ್ಕೆ ನಮ್ಮ ರಾಣಿ ಸೈಯಾ?

ಬೆಳಗಾವಿಯಲ್ಲಿ ನಾಯಿಗೆ ಐಜಿಪಿ ಅನ್ನುವ ಆಟ ಕಲಿಸುವವರು ಸಿಗೋದೇ ಕಷ್ಟ. ವಾಸನೆ ಹಿಡಿಯುವುದು, ಮಾತು ಕೇಳುವುದು, ರಕ್ಷಣೆ, ಈ ಮೂರೂ ಇರುವ ಆಟ ಅದು. ಟಿಳಕವಾಡಿ ಕಡೆಯ ಟ್ರೇನರ್ ಒಬ್ಬರಿಗೆ ನಮ್ಮ ಜರ್ಮನ್ ಶೆಫರ್ಡ್ ರಾಣಿಯನ್ನು ತೋರಿಸಿದೆ.

ಮೊದಲು ಹಗ್ಗಕ್ಕೆ ಗೋಣಿತಟ್ಟು ಕಟ್ಟಿ ನೆಲದ ಮೇಲೆ ಎಳೆದರು. ರಾಣಿ ಹಾರಿ ಹಿಡಿದಳು. ಅವರು ನೋಡಿದ್ದು ಹಾರಿದ್ದನ್ನಲ್ಲ, ಹಿಡಿತವನ್ನು. ತುದಿಹಲ್ಲಲ್ಲಿ ಹಿಡಿದಿದ್ದಾಳಾ, ಬಾಯಿ ತುಂಬ ಹಿಡಿದಿದ್ದಾಳಾ ಅಂತ ಬಗ್ಗಿ ನೋಡಿದರು. ಆಮೇಲೆ ಹಿಂದಿನಿಂದ ಸ್ಟೀಲ್ ಬಕೆಟ್ ಧಡ್ ಅಂತ ಬೀಳಿಸಿದರು. ಬೆಚ್ಚಿ ಬಿದ್ದಳು, ಕಿವಿ ಹಿಂದೆ ಹೋಯಿತು. ಸ್ವಲ್ಪ ಹೊತ್ತಿಗೆ ತಾನೇ ಹೋಗಿ ಬಕೆಟ್ ಮೂಸಿದಳು. "ಬೆಚ್ಚಲಿ ಬಿಡ್ರಿ ಸರ, ಎಷ್ಟು ಬೇಗ ಸಾವರಿಸ್ಕೊಂತಾಳ ಅನ್ನೋದ ಮುಖ್ಯ," ಅಂದರು.

ಮನೆಗೆ ಬಂದವರಿಗೆಲ್ಲ ಬೊಗಳುತ್ತಾಳೆ ಅಂದೆ, ಹೆಮ್ಮೆಯಿಂದಲೇ. ಅದು ಧೈರ್ಯ ಇರಬೇಕೆಂದಿಲ್ಲ, ಅಂಜಿಕೆಯೂ ಇರಬಹುದು ಅಂದರು. ಇನ್ನೂ ಮರಿವಯಸ್ಸು ಅಂತ, ಮನುಷ್ಯರೇ ಮೈಮೇಲೆ ಬಂದಂತೆ ಮಾಡಿ ಹೆದರಿಸಿ ನೋಡುವ ಪರೀಕ್ಷೆ ಮಾಡಲೇ ಇಲ್ಲ. ಇದು ನನಗೆ ಜಾಸ್ತಿ ಹಿಡಿಸಿತು.

ಮುಧೋಳ ನಾಯಿ ತಂದಿದ್ದವರೊಬ್ಬರಿಗೆ, "ಇದು ಮೊಲದ ಬೆನ್ನು ಹತ್ತೋ ಜಾತಿ, ಸುಮ್ನ ಈ ಆಟಕ್ಕ ರೊಕ್ಕ ಹಾಕಬ್ಯಾಡ್ರಿ," ಅಂತ ನೇರವಾಗಿ ಹೇಳಿ ಕಳಿಸಿದರು. ಗಿರಾಕಿ ಕಳಕೊಂಡರೂ ಸರಿ ಅನ್ನುವವರು ಎಷ್ಟು ಜನ ಇದ್ದಾರೆ, ಅಲ್ವಾ?

ಫೀಸು ತುಸು ದುಬಾರಿ. ಬರಹದಲ್ಲಿ ಏನೂ ಕೊಡುವುದಿಲ್ಲ, ನೀವೇ ಬರೆದುಕೊಳ್ಳಬೇಕು. ಮೈದಾನದಲ್ಲಿ ನೆರಳಿಲ್ಲ, ಬೆಳಿಗ್ಗೆಯೇ ಹೋಗಿ.