‘ಸೀ ಸಿಲ್ಕ್’ ನೂಲು: ಹೆಣೆಯಲು ಚೆನ್ನ, ಆದರೆ ಇದು ಚಿಪ್ಪಿನ ರೇಷ್ಮೆ ಅಲ್ಲ

ಲೇಸ್ ಶಾಲು ಹೆಣೆಯಲು ಆನ್‌ಲೈನ್‌ನಲ್ಲಿ ‘ಸೀ ಸಿಲ್ಕ್’ ಅನ್ನೋ ನೂಲು ತರಿಸಿದೆ. 100 ಗ್ರಾಂ ಲಡಿ. ಮಾರುವವರ ಪುಟದಲ್ಲಿ ದೊಡ್ಡದೊಂದು ಚಿಪ್ಪಿನ ಚಿತ್ರ, ಪಕ್ಕದಲ್ಲಿ ‘ಪ್ರಾಚೀನ ಬಿಸ್ಸಸ್’ ಎಂಬ ಮಾತು, ಅಂದರೆ ಇದು ಚಿಪ್ಪುಜೀವಿಯ ಎಳೆಯಿಂದ ತೆಗೆದ ಸಮುದ್ರ ರೇಷ್ಮೆ ಎಂಬ ಸೂಚನೆ. ಲಡಿ ಬಂದ ಮೇಲೆ ಚೀಟಿ ನೋಡಿದರೆ 70% ರೇಷ್ಮೆ, 30% ಸೀಸೆಲ್. ಸೀಸೆಲ್ ಅಂದರೆ ಮರದ ತಿರುಳಿಗೆ ಕಡಲಪಾಚಿ ಬೆರೆಸಿ ತೆಗೆದ ಎಳೆ. ಚಿಪ್ಪಿನದು ಒಂದೆಳೆಯೂ ಇಲ್ಲ.

ನೂಲಿನ ಬಗ್ಗೆ ದೂರಿಲ್ಲ. ಕಡ್ಡಿಯ ಮೇಲೆ ಸಲೀಸಾಗಿ ಜಾರುತ್ತದೆ. ಹೊಲಿಗೆ ಬಿಚ್ಚಿ ಮತ್ತೆ ಹೆಣೆದರೂ ಜುಂಗು ಏಳುವುದಿಲ್ಲ. ತೊಳೆದ ಮೇಲೆ ಮಾತ್ರ ಸ್ವಲ್ಪ ಹಿಗ್ಗಿತು, ಹಾಗಾಗಿ ಒಂದು ಸೈಜ್ ಸಣ್ಣ ಕಡ್ಡಿ ತೊಗೊಳ್ಳಿ.

ತುಂಡು ಎಳೆಯೊಂದನ್ನು ಸುಟ್ಟು ನೋಡಿದೆ. ಮೊದಲು ಕೂದಲು ಸುಟ್ಟ ವಾಸನೆ, ಅದು ರೇಷ್ಮೆಯದು. ಹಿಂದೆಯೇ ಕಾಗದ ಸುಟ್ಟ ವಾಸನೆ, ಅದು ಸೀಸೆಲ್‌ನದು. ನಿಜವಾದ ಸಮುದ್ರ ರೇಷ್ಮೆಯೂ ಪ್ರೋಟೀನ್ ಎಳೆಯೇ, ಹಾಗಾಗಿ ಕಾಗದದ ವಾಸನೆ ಬರಬಾರದು.

ಆ ನಿಜವಾದದ್ದು ಪಿನ್ನಾ ನೊಬಿಲಿಸ್ ಎಂಬ ಚಿಪ್ಪುಜೀವಿಯ ಗಡ್ಡ. ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ನೆಟ್ಟಗೆ ನಿಲ್ಲುವ ಈ ಚಿಪ್ಪು ಒಂದು ಮೀಟರ್‌ಗಿಂತ ಉದ್ದ ಬೆಳೆಯಬಲ್ಲದು. ಮರಳಿನಲ್ಲಿ ಬೇರು ಬಿಟ್ಟಂತೆ ಗಡ್ಡದ ಎಳೆಗಳಿಂದ ಹಿಡಿದುಕೊಳ್ಳುತ್ತದೆ. ಇಟಲಿಯ ತಾರಾಂತೊ ಮತ್ತು ಸಾರ್ಡಿನಿಯಾದ ಸಾಂತ್ ಅಂತಿಯೊಕೊದಲ್ಲಿ ಅದನ್ನು ತೊಳೆದು, ಬಾಚಿ, ನೂತು, ನಿಂಬೆರಸದಲ್ಲಿ ನೆನೆಸಿ ಚಿನ್ನದ ಹೊಳಪು ತರಿಸುತ್ತಿದ್ದರು. 1992ರಿಂದ ಯುರೋಪಿಯನ್ ಒಕ್ಕೂಟದ ಕಾನೂನು ಈ ಜೀವಿಯನ್ನು ಕಾಯುತ್ತಿದೆ. 2016ರಿಂದ ಹರಡಿದ ಪರಾವಲಂಬಿ ರೋಗಕ್ಕೆ ಸಾಮೂಹಿಕವಾಗಿ ಸತ್ತು, ಈಗ ಅಳಿವಿನ ಅಂಚಿಗೆ ಬಂದಿದೆ. ಅಂಥದ್ದನ್ನು ಲಡಿಗಟ್ಟಲೆ ಮಾರಲು ಹೇಗೆ ಸಾಧ್ಯ, ಹೇಳಿ?

‘ಪ್ರಾಚೀನ ಬಿಸ್ಸಸ್’ ಕೂಡ ಚಿಪ್ಪಿನದಲ್ಲ. ಗ್ರೀಕರು ಬಿಸ್ಸೋಸ್ ಅಂದದ್ದು ನಯವಾದ ಲಿನನ್‌ಗೆ. ಈಜಿಪ್ಟಿನ ಮಮ್ಮಿಗಳಿಗೆ ಸುತ್ತುತ್ತಿದ್ದುದು ಬಿಸ್ಸೋಸ್ ಬಟ್ಟೆ ಎಂದು ಹೆರೊಡೋಟಸ್ ಬರೆದಿದ್ದಾನೆ, ಅದು ಅಗಸೆ ನಾರಿನದು. ಗ್ರೀಕ್‌ನಲ್ಲಿ ಹಾಗೇ ಬರೆಯುವ ಇನ್ನೊಂದು ಪದಕ್ಕೆ ಆಳ ಎಂಬ ಅರ್ಥ; ಪಿನ್ನಾ ಆ ‘ಬಿಸ್ಸೋಸ್’ನಿಂದ, ಅಂದರೆ ಆಳದಿಂದ, ನೆಟ್ಟಗೆ ಬೆಳೆಯುತ್ತದೆ ಎಂದು ಅರಿಸ್ಟಾಟಲ್ ಹೇಳಿದ್ದ. 15ನೇ ಶತಮಾನದಲ್ಲಿ ಅದನ್ನು ಲ್ಯಾಟಿನ್‌ಗೆ ತಂದ ಥಿಯೊಡೋರಸ್ ಗಾಝಾ ಆಳದ ಬದಲು ಬಟ್ಟೆಯ ಅರ್ಥ ಹಿಡಿದ. ಚಿಪ್ಪಿನ ಗಡ್ಡಕ್ಕೆ ಲಿನನ್ ಹೆಸರು ಅಂಟಿದ್ದು ಹೀಗೆ.

ಚಿಪ್ಪಿನ ಚಿತ್ರ ತೆಗೆಯಿರಿ ಅಂತ ಮಾರುವವರಿಗೆ ಬರೆದೆ. ದುಡ್ಡು ವಾಪಸ್ ಕೊಡುತ್ತೇವೆ ಅಂದರು, ಚಿತ್ರ ಮಾತ್ರ ಇನ್ನೂ ಅಲ್ಲೇ ಇದೆ. ನೂಲಿಗೆ ನಾಲ್ಕು ಸ್ಟಾರ್, ಆ ಪುಟಕ್ಕೆ ಒಂದೇ. ಲಡಿ ಇಟ್ಟುಕೊಂಡೆ, ಶಾಲು ಅರ್ಧ ಆಗಿದೆ.