ಎಂ3 ಸಿಎಸ್‌ಎಲ್ ಏರ್‌ಬಾಕ್ಸ್: ಮೂಲ ಮತ್ತು ನಕಲು, ಒಂದು ವಿಮರ್ಶೆ

ಸಿಲಿಂಡರಿಗೊಂದು ಥ್ರಾಟಲ್ ಬಾಡಿ (ಒಳಬರುವ ಗಾಳಿಯನ್ನು ನಿಯಂತ್ರಿಸುವ ಕವಾಟ) ಇರುವ ಎಂಜಿನ್‌ಗಳ ಮಾತು ಬಂದಾಗ ಎಲ್ಲರ ಕಣ್ಣು ಹೋಗುವುದು ಸಾಲಾಗಿ ನಿಂತ ಟ್ರಂಪೆಟ್‌ಗಳ, ಅಂದರೆ ಗಾಳಿ ಎಳೆದುಕೊಳ್ಳುವ ಅಗಲ ಬಾಯಿಯ ಕೊಳವೆಗಳ ಕಡೆಗೆ. ಆದರೆ ಅಂಥ ಎಂಜಿನ್ ರಸ್ತೆಯ ಮೇಲೆ ಚೆನ್ನಾಗಿ ಓಡುತ್ತದೆಯೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಟ್ರಂಪೆಟ್‌ಗಳನ್ನು ಮುಚ್ಚಿಕೊಂಡಿರುವ ಗಾಳಿಯ ಪೆಟ್ಟಿಗೆ, ಅಂದರೆ ಏರ್‌ಬಾಕ್ಸ್. ಬಿಎಂಡಬ್ಲ್ಯೂ ಕಂಪನಿ 2003ರಲ್ಲಿ ಇ46 ತಲೆಮಾರಿನ ಎಂ3 ಕಾರಿನ ಹಗುರ ಆವೃತ್ತಿಯಾದ ಸಿಎಸ್‌ಎಲ್‌ಗಾಗಿ ತಯಾರಿಸಿದ ಕಾರ್ಬನ್ ಫೈಬರ್ ಏರ್‌ಬಾಕ್ಸ್ ಈ ವಿಷಯದಲ್ಲಿ ಇಂದಿಗೂ ಒಂದು ಮಾದರಿ ಎಂದು ನಾನು ಭಾವಿಸುತ್ತೇನೆ. ಜರ್ಮನಿಯ ಸ್ಟಟ್‌ಗಾರ್ಟ್ ಬಳಿ ನೆಲೆಸಿರುವ ಕನ್ನಡಿಗ ಗೆಳೆಯರೊಬ್ಬರ ಸಾಮಾನ್ಯ ಎಂ3ಗೆ ಅದೇ ಆಕಾರದ ನಕಲು ಏರ್‌ಬಾಕ್ಸ್ ಒಂದನ್ನು ಅಳವಡಿಸಲಾಗಿದ್ದು, ಮೂಲ ಮತ್ತು ನಕಲು ಎರಡನ್ನೂ ಹತ್ತಿರದಿಂದ ನೋಡಿದ ಆಧಾರದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಎಸ್54 ಎಂಬ ಹೆಸರಿನ ಈ ಆರು ಸಿಲಿಂಡರ್ ಎಂಜಿನ್‌ನ ಗಾತ್ರ 3,246 ಸಿಸಿ. ಅದು 8,000 ಆರ್‌ಪಿಎಂವರೆಗೆ, ಅಂದರೆ ನಿಮಿಷಕ್ಕೆ 8,000 ಸುತ್ತಿನವರೆಗೆ ತಿರುಗುತ್ತದೆ. ಅಷ್ಟು ವೇಗದಲ್ಲಿ ಸಿಲಿಂಡರ್‌ಗಳು ಪೂರ್ತಿ ತುಂಬುತ್ತವೆ ಎಂದು ಲೆಕ್ಕ ಹಾಕಿದರೆ ಎಂಜಿನ್‌ಗೆ ಸೆಕೆಂಡಿಗೆ ಸುಮಾರು 216 ಲೀಟರ್ ಗಾಳಿ ಬೇಕು. ಈ ಗಾಳಿ ಒಂದೇ ಸಮನಾಗಿ ಹರಿಯದೆ, ಸೆಕೆಂಡಿಗೆ 400 ಗುಟುಕುಗಳಾಗಿ, ಆರು ಬಾಯಿಗಳಿಂದ ಸರದಿಯಂತೆ ಎಳೆಯಲ್ಪಡುತ್ತದೆ. ಪೆಟ್ಟಿಗೆ ಚಿಕ್ಕದಾಗಿದ್ದರೆ ಒಂದು ಟ್ರಂಪೆಟ್ ಎಳೆದ ಕ್ಷಣದಲ್ಲಿ ಪಕ್ಕದ ಟ್ರಂಪೆಟ್‌ನ ಮುಂದೆ ಒತ್ತಡ ಕುಸಿಯುತ್ತದೆ. ಆಗ ಒಂದೊಂದು ಸಿಲಿಂಡರಿಗೆ ಒಂದೊಂದು ಪ್ರಮಾಣದ ಗಾಳಿ ಸಿಕ್ಕಿ, ತುದಿಯ ಸಿಲಿಂಡರ್‌ಗಳ ಮಿಶ್ರಣ ಹದ ತಪ್ಪುತ್ತದೆ. ಸಿಎಸ್‌ಎಲ್ ಏರ್‌ಬಾಕ್ಸ್‌ನ ಮೊದಲ ಗುಣವೇ ಅದರ ವಿಶಾಲವಾದ ಒಡಲು. ಎಂಜಿನ್ ಬೇಯಲ್ಲಿ ಸಿಗುವ ಜಾಗವನ್ನೆಲ್ಲ ಬಳಸಿಕೊಂಡ ಅದರ ಆಕಾರವನ್ನು ನೋಡಿದರೆ, ವಿನ್ಯಾಸಕಾರರು ಮೊದಲು ಗಾಳಿಯ ಬಗ್ಗೆ, ಆಮೇಲೆ ಅಂದದ ಬಗ್ಗೆ ಯೋಚಿಸಿದ್ದು ಗೊತ್ತಾಗುತ್ತದೆ.

ಟ್ರಂಪೆಟ್‌ನ ಉದ್ದದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಪಿಸ್ಟನ್ ಕೆಳಗಿಳಿದು ಗಾಳಿ ಎಳೆಯುವಾಗ ಹುಟ್ಟುವ ಕಡಿಮೆ ಒತ್ತಡದ ಅಲೆ ಶಬ್ದದ ವೇಗದಲ್ಲಿ ಟ್ರಂಪೆಟ್‌ನ ಬಾಯಿಯವರೆಗೆ ಸಾಗಿ, ಅಲ್ಲಿ ತೆರೆದ ಜಾಗ ಸಿಕ್ಕ ಕೂಡಲೇ ಹೆಚ್ಚಿನ ಒತ್ತಡದ ಅಲೆಯಾಗಿ ಹಿಂದಿರುಗುತ್ತದೆ. ಇನ್‌ಟೇಕ್ ವಾಲ್ವ್ ಮುಚ್ಚುವ ಮುನ್ನ ಈ ಅಲೆ ತಲುಪಿದರೆ ಸಿಲಿಂಡರಿಗೆ ಇನ್ನಷ್ಟು ಗಾಳಿ ತುರುಕುತ್ತದೆ. ಉದಾಹರಣೆಗೆ ವಾಲ್ವಿನಿಂದ ಬಾಯಿಯವರೆಗೆ 40 ಸೆಂ.ಮೀ. ದೂರವಿದ್ದರೆ ಅಲೆ ಹೋಗಿ ಬರಲು ಸುಮಾರು 2.3 ಮಿಲಿಸೆಕೆಂಡ್ ಬೇಕು. 8,000 ಆರ್‌ಪಿಎಂನಲ್ಲಿ ಆ ಹೊತ್ತಿಗೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಸುಮಾರು 110 ಡಿಗ್ರಿ ತಿರುಗಿರುತ್ತದೆ, 4,000ದಲ್ಲಿ ಅದರ ಅರ್ಧ ಮಾತ್ರ. ಹೀಗಾಗಿ ಒಂದೇ ಉದ್ದ ಎಲ್ಲ ವೇಗಕ್ಕೂ ಒಗ್ಗುವುದಿಲ್ಲ. ಅಲೆ ಸರಿಯಾಗಿ ಹಿಂದಿರುಗಬೇಕಾದರೆ ಬಾಯಿಯ ಮುಂದೆ ನಿಜಕ್ಕೂ ತೆರೆದ ಜಾಗ ಇರಬೇಕು, ಆದ್ದರಿಂದ ಟ್ರಂಪೆಟ್‌ನ ಬಾಯಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಕನಿಷ್ಠ ಬಾಯಿಯ ವ್ಯಾಸದಷ್ಟಾದರೂ ಅಂತರ ಬಿಡುವುದು ಟ್ಯೂನರ್‌ಗಳ ರೂಢಿ. ಅಗ್ಗದ ಪೆಟ್ಟಿಗೆಗಳು ಮೊದಲು ಸೋಲುವುದು ಈ ಅಂತರದಲ್ಲಿಯೇ.

ಬಾಯಿಯ ಅಂಚಿಗೂ ಅಷ್ಟೇ ಮಹತ್ವವಿದೆ. ಗೋಡೆಗೆ ಸಮವಾಗಿ ಕತ್ತರಿಸಿಟ್ಟ ಕೊಳವೆಯ ಹರಿತವಾದ ಅಂಚಿನಲ್ಲಿ ಗಾಳಿಗೆ ಆಗುವ ಒತ್ತಡದ ನಷ್ಟವನ್ನು ಎಂಜಿನಿಯರಿಂಗ್ ಪುಸ್ತಕಗಳು 0.5 ಎಂಬ ಗುಣಾಂಕದಿಂದ ಸೂಚಿಸುತ್ತವೆ. ಅಂಚನ್ನು ಚೆನ್ನಾಗಿ ದುಂಡಗೆ ಮಾಡಿದರೆ ಅದು 0.04ರ ಆಸುಪಾಸಿಗೆ ಇಳಿಯುತ್ತದೆ. ಗೆಳೆಯರ ಕಾರಿನಲ್ಲಿದ್ದ ನಕಲು ಪೆಟ್ಟಿಗೆಯನ್ನು ಬಿಚ್ಚಿ ಒಳಗೆ ಬೆರಳಾಡಿಸಿದಾಗ, ನಾಲ್ಕು ಟ್ರಂಪೆಟ್‌ಗಳ ಅಂಚು ನುಣುಪಾಗಿದ್ದು, ಉಳಿದೆರಡರಲ್ಲಿ ರಾಳ ಒಣಗಿದ ಒರಟು ಏಣು ಕೈಗೆ ತಾಕಿತು. ಫಿಲ್ಟರ್ ಕೂರುವ ಚೌಕಟ್ಟಿನ ಒಂದು ಮೂಲೆಯಲ್ಲಿ ರಬ್ಬರ್ ಸರಿಯಾಗಿ ಒತ್ತಿಕೊಳ್ಳದೆ, ಅಲ್ಲಿಂದ ಒಳಗೋಡೆಯ ಮೇಲೆ ಸಣ್ಣ ಬೆರಳಿನಷ್ಟು ಅಗಲದ ಧೂಳಿನ ಗೆರೆ ಮೂಡಿತ್ತು. ಫಿಲ್ಟರ್ ದಾಟಿ ಬಂದ ಧೂಳು ನೇರವಾಗಿ ಸಿಲಿಂಡರಿಗೆ ಹೋಗುತ್ತದೆ. ಇದನ್ನು ನಾನು ಸಣ್ಣ ದೋಷವೆಂದು ಪರಿಗಣಿಸಲಾರೆ. ತಯಾರಕರ ಹೆಸರು ಇಲ್ಲಿ ಬೇಡ, ಆದರೆ ಇಂಥ ಪೆಟ್ಟಿಗೆ ಕೊಳ್ಳುವವರು ಹೊರಗಿನ ಕಾರ್ಬನ್ ನೇಯ್ಗೆಯ ಹೊಳಪಿಗಿಂತ ಮೊದಲು ಈ ಎರಡು ಜಾಗಗಳನ್ನು ನೋಡಬೇಕು.

ಸಿಎಸ್‌ಎಲ್‌ನ ಮುಂಭಾಗದ ಬಂಪರಿನಲ್ಲಿ ಎದ್ದು ಕಾಣುವ ದುಂಡನೆಯ ರಂಧ್ರವಿದೆ. ವೇಗದಲ್ಲಿ ಗಾಳಿ ಅದರೊಳಗೆ ನುಗ್ಗಿ ಎಂಜಿನ್‌ಗೆ ಬಲ ಕೊಡುತ್ತದೆ ಎಂದು ಹಲವರು ನಂಬಿದ್ದಾರೆ. ಆದರೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹಾಗೆ ಸಿಗುವ ಹೆಚ್ಚುವರಿ ಒತ್ತಡ ವಾತಾವರಣದ ಒತ್ತಡದ ಶೇ 0.5ಕ್ಕೂ ಕಡಿಮೆ, 200 ಕಿ.ಮೀ. ವೇಗದಲ್ಲಿಯೂ ಶೇ 2ನ್ನು ಮುಟ್ಟುವುದಿಲ್ಲ. ಆ ರಂಧ್ರದ ನಿಜವಾದ ಉಪಯೋಗ ತಣ್ಣನೆಯ ಗಾಳಿ. ಎಂಜಿನ್ ಬೇಯ 55 ಡಿಗ್ರಿಯ ಗಾಳಿಯ ಬದಲು ಹೊರಗಿನ 25 ಡಿಗ್ರಿಯ ಗಾಳಿ ಸಿಕ್ಕರೆ ಸಾಂದ್ರತೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಬಾನೆಟ್ಟಿನ ಅಡಿಯಲ್ಲಿ ಟ್ರಂಪೆಟ್‌ಗಳನ್ನು ಮುಚ್ಚಳವಿಲ್ಲದೆ ಬಿಟ್ಟು, ಶಬ್ದಕ್ಕೆ ಮರುಳಾಗುವವರು ಕಳೆದುಕೊಳ್ಳುವುದು ಇದನ್ನೇ.

ಈ ಏರ್‌ಬಾಕ್ಸ್‌ನ ಜಾಣತನ ಇರುವುದು ಅಳತೆಯ ವಿಧಾನದಲ್ಲಿ. ಸಾಮಾನ್ಯ ಎಂ3ಯಲ್ಲಿ ಗಾಳಿಯ ದಾರಿಯಲ್ಲಿ, ಒಳಬರುವ ಗಾಳಿಯ ಪ್ರಮಾಣವನ್ನು ಅಳೆಯುವ ಏರ್ ಮಾಸ್ ಸೆನ್ಸರ್ ಕೂತಿರುತ್ತದೆ. ಸಿಎಸ್‌ಎಲ್‌ನಲ್ಲಿ ಅದನ್ನು ತೆಗೆದುಹಾಕಿ, ಥ್ರಾಟಲ್‌ನ ಕೋನ ಮತ್ತು ಒತ್ತಡದ ಸೆನ್ಸರ್‌ನ ಅಳತೆಯಿಂದ ಇಂಧನದ ಲೆಕ್ಕ ಹಾಕುತ್ತಾರೆ. ಇದರಿಂದ ಗಾಳಿಯ ದಾರಿಯಲ್ಲಿದ್ದ ಅಡ್ಡಿ ತಪ್ಪಿತು, ಆದರೆ ಸಾಫ್ಟ್‌ವೇರ್‌ನ ಹೊಣೆ ಬಹಳ ಹೆಚ್ಚಿತು. ಥ್ರಾಟಲ್ ಕೋನ ಮತ್ತು ಆರ್‌ಪಿಎಂ ಎರಡನ್ನೇ ನಂಬಿ, ವಾತಾವರಣದ ಒತ್ತಡವನ್ನು ಗಮನಿಸದ ಟ್ಯೂನಿಂಗ್ ಮಾಡಿದರೆ ಏನಾಗುತ್ತದೆ ಎಂಬುದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ: ಮಂಗಳೂರಿನಲ್ಲಿ ಹದ ಮಾಡಿದ ಕಾರು ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ ಹತ್ತುವಷ್ಟರಲ್ಲಿ ಗಾಳಿಯ ಒತ್ತಡ ಶೇ 12ಕ್ಕೂ ಹೆಚ್ಚು ಇಳಿದಿರುತ್ತದೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಮಾತ್ರ ಹಳೆಯ ಲೆಕ್ಕದಂತೆಯೇ ಪೆಟ್ರೋಲ್ ಸುರಿಯುತ್ತಿರುತ್ತದೆ.

ಗೆಳೆಯರ ಕಾರಿನಲ್ಲಿ ಸಾಫ್ಟ್‌ವೇರ್ ಬದಲಾವಣೆ ಚೆನ್ನಾಗಿ ಆಗಿದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೂ ಐಡಲ್ ಸ್ಥಿರವಾಗಿ ನಿಲ್ಲುತ್ತದೆ, ಪೆಡಲ್ ಮೇಲೆ ಪಾದ ತುಸು ಒತ್ತಿದರೂ ಎಂಜಿನ್ ತಡವಿಲ್ಲದೆ ಉತ್ತರ ಕೊಡುತ್ತದೆ. 4,000 ದಾಟಿದ ಮೇಲೆ ಏರ್‌ಬಾಕ್ಸ್‌ನಿಂದ ಏಳುವ ಗಂಭೀರವಾದ ಗರ್ಜನೆ ಎದೆಗೇ ತಾಕುತ್ತದೆ. ಅದನ್ನು ಕೇಳಲೆಂದೇ ಹಣ ಖರ್ಚು ಮಾಡುವವರನ್ನು ನಾನು ತಪ್ಪೆನ್ನಲಾರೆ. ಹೆದ್ದಾರಿಯ ದೀರ್ಘ ಪ್ರಯಾಣದಲ್ಲಿ, ನಿಧಾನವಾಗಿ ಹೋಗುವಾಗ, ಆ ಶಬ್ದ ತೊಂದರೆ ಕೊಡಲಿಲ್ಲ.

ಶಕ್ತಿಯ ವಿಷಯದಲ್ಲಿ ಮಾತ್ರ ನಿರೀಕ್ಷೆ ಹದದಲ್ಲಿರಲಿ. ಸಾಮಾನ್ಯ ಎಂ3ಯ 343 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ಸಿಎಸ್‌ಎಲ್‌ನಲ್ಲಿ 360ಕ್ಕೆ ಏರಿದ್ದು ನಿಜ. ಆದರೆ ಆ 17 ಪಿಎಸ್‌ನಲ್ಲಿ ಬೇರೆ ಕ್ಯಾಮ್‌ಶಾಫ್ಟ್‌ಗಳ (ವಾಲ್ವ್‌ಗಳನ್ನು ತೆರೆಯುವ ದಂಡಗಳ), ಬದಲಾದ ಎಕ್ಸಾಸ್ಟ್‌ನ ಮತ್ತು ಹೊಸ ಸಾಫ್ಟ್‌ವೇರ್‌ನ ಪಾಲೂ ಇದೆ. ಪೆಟ್ಟಿಗೆಯೊಂದನ್ನೇ ಕೂರಿಸಿ ಅಷ್ಟೂ ಸಿಗುತ್ತದೆ ಎಂದು ಹೇಳುವ ಮಾರಾಟಗಾರರ ಮಾತನ್ನು ಡೈನೋ (ಶಕ್ತಿ ಅಳೆಯುವ ಯಂತ್ರ) ಪರೀಕ್ಷೆಯ ಹಾಳೆ ನೋಡದೆ ಒಪ್ಪಬಾರದು. ಮೂಲ ಸಿಎಸ್‌ಎಲ್ ಏರ್‌ಬಾಕ್ಸ್‌ಗೆ ನಾನು ಐದಕ್ಕೆ ಐದು ಅಂಕ ಕೊಡುತ್ತೇನೆ. ನಾನು ನೋಡಿದ ನಕಲಿಗೆ, ಅಂಚುಗಳನ್ನು ಉಜ್ಜಿ ನುಣುಪು ಮಾಡಿ ಫಿಲ್ಟರ್‌ನ ರಬ್ಬರ್ ಬದಲಿಸುವವರೆಗೆ, ಮೂರು. ನಕಲನ್ನೇ ಕೊಳ್ಳುವುದಾದರೆ ಒತ್ತಡದ ಸೆನ್ಸರ್ ಮತ್ತು ಟ್ಯೂನಿಂಗ್‌ನ ವೆಚ್ಚವನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ, ಕಾರಿನ ಜೊತೆ ಬಂದ ಪ್ಲಾಸ್ಟಿಕ್ ಪೆಟ್ಟಿಗೆ ಮತ್ತು ಏರ್ ಮಾಸ್ ಸೆನ್ಸರ್ ಅನ್ನು ಮಾರದೆ ತೆಗೆದಿಡಿ. ಮುಂದೆ ಕಾರನ್ನು ಮೂಲ ಸ್ಥಿತಿಗೆ ತರಬೇಕಾದರೆ ಅವೆರಡೂ ಬೇಕಾಗುತ್ತವೆ.